ನನಗೆ ಮಾತು ಕಲಿಸಿದ ಇಬ್ಬರು

ನಾನು ಬರೆದ ಮೊದಲ ನಾಟಕವನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳಿದವರು ಮದ್ದೂರಿನ ಒಬ್ಬ ಡ್ರಾಮಾ ಮೇಷ್ಟ್ರು. ಊರೂರಿಗೆ ಹೋಗಿ, ಹಾರ್ಮೋನಿಯಂ ಮುಂದಿಟ್ಟುಕೊಂಡು, ಗದ್ದೆ ಕೆಲಸ ಮುಗಿಸಿ ಬಂದ ಗಂಡಸರಿಗೆ ಪೌರಾಣಿಕ ನಾಟಕದ ಮಾತು, ಹಾಡು, ನಡಿಗೆ ಕಲಿಸುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ನಾನು ಹುಟ್ಟಿದ್ದು ಕೆರಗೋಡಿನ ಹತ್ತಿರದ ಹಳ್ಳಿಯಲ್ಲಿ. ಅಲ್ಲಿಗೂ ಅವರು ಬಂದು ಮೂರು ತಿಂಗಳಿದ್ದು ನಾಟಕ ಕಲಿಸಿದ್ದರಂತೆ, ನಮ್ಮಪ್ಪನಿಗೆ ಗದೆ ಹಿಡಿಯುವ ಪಾರ್ಟು ಕೊಟ್ಟಿದ್ದರಂತೆ. ಅದು ನಾನು ಹುಟ್ಟುವ ಮುಂಚಿನ ಮಾತು. ಅಪ್ಪ ತೀರಿಹೋಗುವವರೆಗೂ ಅವರ ವಿಷಯ ಬಂದರೆ ಎದ್ದು ನೆಟ್ಟಗೆ ಕೂರುತ್ತಿದ್ದರು. ಹಾಗಾಗಿ ನನಗೆ ಒಬ್ಬರ ಸಲಹೆ ಬೇಕು ಅನ್ನಿಸಿದಾಗ ನೆನಪಾದ ವಿಳಾಸ ಅದೊಂದೇ.

ಆಗ ನಾನು ಮಳವಳ್ಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ವಯಸ್ಸು ನಲವತ್ತು ದಾಟಿತ್ತು. ನಾಟಕ ಬರೆಯಬೇಕೆಂಬ ಆಸೆ ಏನೂ ಇರಲಿಲ್ಲ. ಆ ವರ್ಷ ನಮ್ಮ ಅವ್ವ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಮಂಡ್ಯದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಅವಳ ಮಂಚದ ಪಕ್ಕ ಕೂತಿದ್ದೆ. ಆಚೆ ಮಂಚದಲ್ಲಿ ದುದ್ದದ ಕಡೆಯ ಒಬ್ಬ ಹೆಂಗಸು ಇದ್ದಳು. ಅವಳ ಓರಗಿತ್ತಿ ಮೂರು ದಿನ ಸತತವಾಗಿ ಬಂದು, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತು, ಒಳಗೆ ಬಾರದೆ ಹಾಗೇ ಎದ್ದು ಹೋದಳು. ನಾಲೆ ನೀರಿನ ಸರದಿಗೆ ಜಗಳವಾಡಿ ಇಬ್ಬರೂ ಮಾತು ಬಿಟ್ಟು ಎಂಟು ವರ್ಷವಾಗಿತ್ತಂತೆ. ನಾಲ್ಕನೇ ದಿನ ಅವಳು ಒಳಗೆ ಬಂದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ, ಅಷ್ಟರಲ್ಲಿ ಅವ್ವನನ್ನು ಮನೆಗೆ ಕಳಿಸಿದ್ದರು. ಮನೆಗೆ ಬಂದ ಮೇಲೂ ಆ ಬೆಂಚು ನನ್ನ ತಲೆಯಿಂದ ಹೋಗಲಿಲ್ಲ. ಅವಳನ್ನು ಹೇಗಾದರೂ ಒಳಗೆ ಕರೆದುಕೊಂಡು ಬರಬೇಕು ಅಂತ ಬರೆಯಲು ಕೂತೆ. ಮುಗಿದಾಗ ತೊಂಬತ್ತು ಪುಟವಾಗಿತ್ತು. ಅದೇ ಸಮಯಕ್ಕೆ ತಾಲ್ಲೂಕಿನ ಶಿಕ್ಷಕರೆಲ್ಲ ಸೇರಿ ಮಾಡುವ ಸಮಾರಂಭಕ್ಕೆ ಮೇಡಂಗಳೇ ಆಡುವ ಒಂದು ನಾಟಕ ಬೇಕು ಅಂತ ಹುಡುಕುತ್ತಿದ್ದರು. ನಾನು ಧೈರ್ಯ ಮಾಡಿ ನನ್ನದಿದೆ ಅಂದುಬಿಟ್ಟೆ. ಆಮೇಲೆ ಭಯವಾಗಿ ಮೇಷ್ಟ್ರನ್ನು ಹುಡುಕಿಕೊಂಡು ಹೋದೆ.

ಭಾನುವಾರ ಬೆಳಿಗ್ಗೆ ಹೋಗಿದ್ದೆ. ಕೆ.ಎಂ. ದೊಡ್ಡಿ ದಾಟುವವರೆಗೂ ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳಿತು. ಹೊಳೆ ಕಡೆಗಿನ ಬೀದಿಯಲ್ಲಿ ಅವರ ಮನೆ. ಎಪ್ಪತ್ತರ ಆಸುಪಾಸು, ಸಣ್ಣ ದೇಹ, ಆದರೆ ಮಾತಾಡಿದರೆ ಬೀದಿ ತುದಿಗೆ ಕೇಳಬೇಕು ಅಂಥ ಗಂಟಲು. ನಾನು ಇಂಥವರ ಮಗಳು ಅಂದದ್ದಕ್ಕೆ ಅಪ್ಪನ ಪಾರ್ಟಿನ ನಾಲ್ಕು ಸಾಲು ಹೇಳಿ ತೋರಿಸಿದರು. ಆಮೇಲೆ ಓದಿ ಅಂದರು. ನಾನು ಜಗುಲಿ ಮೇಲೆ ಕೂತು ಓದಲು ಶುರುಮಾಡಿದೆ. ಎರಡು ಪುಟ ಆಗುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿದರು. ಎದ್ದು ನಿಂತು ಓದಬೇಕು, ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆಯುತ್ತ ಓದಬೇಕು ಅಂದರು. ನಡೆಯುತ್ತ ಓದಿದೆ. ಮೂರನೇ ಪುಟಕ್ಕೆ ಏದುಸಿರು ಬಂತು. ಅವರು ನಿಲ್ಲಿಸಲಿಲ್ಲ. ಪೂರ್ತಿ ತೊಂಬತ್ತು ಪುಟವನ್ನೂ ಹಾಗೇ ಓದಿಸಿದರು. ನಡುವೆ ಅವರ ಸೊಸೆ ಕಾಫಿ ತಂದು ಇಟ್ಟರು, ಅದು ಆರಿಹೋಯಿತು.

ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮೇಡಮ್ಮೋರೆ, ಈ ಎಂಗಸ್ರು ಉಸ್ರು ಎಲ್ಲಿ ತಕ್ಕೋಬೇಕು? ನೀವು ಜಾಗನೇ ಬುಟ್ಟಿಲ್ವಲ್ಲ. ನೀವು ಕುಂತ್ಕಂಡು ಬರ್ದಿದ್ದೀರಿ. ಇವ್ರು ನಿಂತ್ಕಂಡು ಮಾತಾಡೋರು."

ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ಅಳು ಬಂದಿತ್ತು. ಎಂ.ಎ. ಮಾಡಿಕೊಂಡು ಹದಿನೆಂಟು ವರ್ಷ ಪಾಠ ಮಾಡಿದವಳು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರ ಹತ್ತಿರ ಹೋಗಿ ಹೀಗೆ ಅನ್ನಿಸಿಕೊಂಡೆನಲ್ಲ ಅನ್ನಿಸಿತು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಮತ್ತೆ ನಡೆಯುತ್ತ ಓದಿದೆ. ಉಸಿರು ಕಟ್ಟಿದ ಕಡೆಯೆಲ್ಲ ಕೆಂಪು ಇಂಕಿನಲ್ಲಿ ಗೆರೆ ಎಳೆದೆ. ಆಶ್ಚರ್ಯವೆಂದರೆ, ನಾನು ಬಹಳ ಚೆನ್ನಾಗಿ ಬರೆದಿದ್ದೇನೆ ಅಂದುಕೊಂಡಿದ್ದ ಜಾಗಗಳಲ್ಲೇ ಗೆರೆಗಳು ಹೆಚ್ಚಾಗಿದ್ದವು. ಮುಂದಿನ ಭಾನುವಾರ ಅರವತ್ತು ಪುಟ ತೆಗೆದುಕೊಂಡು ಹೋದೆ. ಅದರ ಮುಂದಿನ ಭಾನುವಾರ ನಲವತ್ತು. ಐದು ಭಾನುವಾರ ಆದ ಮೇಲೆ ಮೇಷ್ಟ್ರು, ಇನ್ನು ನನ್ನಿಂದ ಆಗುವುದಿಲ್ಲ, ನಾನು ರಾಜರಿಗೆ ಮಾತು ಕಲಿಸಿದವನು, ಈ ಹೆಂಗಸರ ಮಾತು ತಿದ್ದಬೇಕಾದರೆ ನೀವು ಮಂಡ್ಯಕ್ಕೆ ಹೋಗಬೇಕು ಅಂದು ಒಂದು ಬೀದಿಯ ಹೆಸರು ಹೇಳಿದರು.

ಅಲ್ಲಿದ್ದವರು ಒಬ್ಬ ನಟಿ. ನಮ್ಮ ಹಳ್ಳಿಗಳ ನಾಟಕದಲ್ಲಿ ಆಗೆಲ್ಲ ಊರಿನ ಹೆಣ್ಣುಮಕ್ಕಳು ಬಣ್ಣ ಹಚ್ಚುತ್ತಿರಲಿಲ್ಲ. ರಾಣಿ ಪಾರ್ಟಿಗೆ, ಸಖಿ ಪಾರ್ಟಿಗೆ ಮಂಡ್ಯದಿಂದ ನಟಿಯರನ್ನು ಕರೆಸುತ್ತಿದ್ದರು. ಮೂವತ್ತು ವರ್ಷ ಇವರು ಹಾಗೆ ಊರೂರು ಸುತ್ತಿ ರಾಣಿಯಾಗಿದ್ದವರು. ನಾಟಕದ ಹೊತ್ತಿನಲ್ಲಿ ಅವರಿಗೆ ಸಿಗುವ ಚಪ್ಪಾಳೆ ಎಷ್ಟೋ, ತೆರೆ ಬಿದ್ದ ಮೇಲೆ ಅವರ ಬಗ್ಗೆ ಜನ ಆಡುವ ಹಗುರ ಮಾತೂ ಅಷ್ಟೇ. ನಾನೂ ಅಂಥ ಮಾತು ಕೇಳಿಕೊಂಡೇ ಬೆಳೆದವಳು. ಅವರ ಮನೆ ಬಾಗಿಲು ತಟ್ಟುವಾಗ ಅಕ್ಕಪಕ್ಕ ಯಾರಾದರೂ ನೋಡುತ್ತಿದ್ದಾರೆಯೇ ಅಂತ ತಿರುಗಿ ನೋಡಿದ್ದು ನನಗೆ ನೆನಪಿದೆ. ಅದನ್ನು ಬರೆಯದೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಅವರು ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ರವಿಕೆ ಹೊಲಿಯುವುದು ಅವರ ಇನ್ನೊಂದು ಕೆಲಸ. ಓದು ಅಷ್ಟಾಗಿ ಬಾರದು, ಎಲ್ಲ ಕಿವಿಯಲ್ಲೇ ಕಲಿತದ್ದು. ನಾನು ಒಂದು ಪುಟ ಓದಿದರೆ, ಬಟ್ಟೆಯಿಂದ ಕಣ್ಣು ತೆಗೆಯದೆ ಅದನ್ನು ಅಷ್ಟಕ್ಕಷ್ಟು ಒಪ್ಪಿಸುತ್ತಿದ್ದರು. ನನ್ನದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಎಲ್ಲಿ ಸುಳ್ಳಾಗಿದೆ ಎಂದು ತಟ್ಟನೆ ತಿಳಿಯುತ್ತಿತ್ತು. ಅವರು ಏನೂ ಹೇಳುವುದೇ ಬೇಕಿರಲಿಲ್ಲ. ಕೊನೆಯ ದೃಶ್ಯಕ್ಕೆ ಬಂದೆವು. ಅಲ್ಲಿ ಹೊರಗೆ ಕೂತ ಓರಗಿತ್ತಿ ಕೊನೆಗೂ ವಾರ್ಡಿನೊಳಗೆ ಬರುತ್ತಾಳೆ. ಕಳೆದುಹೋದ ವರ್ಷಗಳ ಬಗ್ಗೆ, ಮನಸ್ಸಿನಲ್ಲಿ ಮುನಿಸಿಲ್ಲದ ಬಗ್ಗೆ ಅವಳ ಬಾಯಲ್ಲಿ ಒಂದು ಪುಟ ಮಾತು ಆಡಿಸಿದ್ದೆ. ಅದನ್ನು ದನಿ ತುಂಬಿ ಓದಿದೆ. ಅವರು ಮಿಷನ್ ನಿಲ್ಲಿಸಿದರು.

"ಎಂಟು ವರ್ಸ ಮಾತು ಬುಟ್ಟೋಳು ಇಷ್ಟುದ್ದ ಮಾತಾಡ್ತಾಳಾ ಮೇಡಂ? ಬಾಯೇ ಬರಕ್ಕಿಲ್ಲ. 'ಉಂಡ್ಯಾ' ಅಂತಾಳೆ ಅಷ್ಟೇ. ಅಂದ್ಬುಟ್ಟು ಆ ಕಡೆ ತಿರುಗ್ತಾಳೆ."

ಅಂದು ತೋರಿಸಿದರು. ಕೂತಲ್ಲೇ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ. 'ಉಂಡ್ಯಾ' ಅಂದು ಮುಖ ಗೋಡೆ ಕಡೆ ತಿರುಗಿಸಿದರು. ಆ ಒಂದು ಪದದಲ್ಲಿ ಎಂಟು ವರ್ಷವೂ ಇತ್ತು. ನಾನು ಆ ಇಡೀ ಪುಟಕ್ಕೆ ಅಡ್ಡಗೆರೆ ಎಳೆದೆ. ನನ್ನ ಬರವಣಿಗೆಯ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಪಾಠ ಯಾವುದೂ ಆಗಿಲ್ಲ.

ಆ ಓರಗಿತ್ತಿಯ ಪಾರ್ಟನ್ನು ನೀವೇ ಮಾಡಬೇಕು ಅಂತ ಅವತ್ತೇ ಕೇಳಿಕೊಂಡೆ. ಅವರು ಒಪ್ಪಿದರು. ಮಳವಳ್ಳಿಯ ನಮ್ಮ ಶಾಲೆಯ ಹಾಲಿನಲ್ಲಿ ಭಾನುವಾರ ಭಾನುವಾರ ಪ್ರಾಕ್ಟೀಸು ಶುರುವಾಯಿತು. ಅವರು ಬೆಳಿಗ್ಗೆ ಮಂಡ್ಯದಿಂದ ಬಸ್ಸಿನಲ್ಲಿ ಬಂದು ಸಂಜೆ ಹೋಗುವರು. ಮೊದಲ ಸಲ ಅವರನ್ನು ಊಟಕ್ಕೆ ಮನೆಗೆ ಕರೆದುಕೊಂಡು ಹೋದಾಗ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, ಪಾರ್ಟು ಮಾಡುವವರನ್ನೆಲ್ಲ ಮನೆಗೆ ಸೇರಿಸಬೇಡ, ನಾಳೆ ನಿನ್ನ ಮಗಳ ಮದುವೆ ಮಾತು ಬಂದಾಗ ಜನ ಇದನ್ನೇ ಎತ್ತುತ್ತಾರೆ ಅಂತ ಪಿಸುಗುಟ್ಟಿದಳು. ನಾನು ಅವ್ವನನ್ನು ಸುಮ್ಮನಿರಿಸಿದೆ. ಅಂದರೆ ಅಷ್ಟು ಧೈರ್ಯ ನನಗಿತ್ತು ಅಂದುಕೊಂಡಿದ್ದೆ.

ಸಮಾರಂಭಕ್ಕೆ ಹತ್ತು ದಿನವಿರುವಾಗ ಅದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನನ್ನು ಕರೆಸಿದರು. ದನಿ ಎತ್ತದೆ, ಬಹಳ ವಿನಯದಿಂದಲೇ ಮಾತಾಡಿದರು. ನಾಟಕ ಚೆನ್ನಾಗಿದೆಯಂತೆ, ಸಂತೋಷ. ಆದರೆ ಮರ್ಯಾದಸ್ಥರ ಮನೆಯ ಮೇಡಂಗಳ ಜೊತೆ ಆ ಹೆಂಗಸು ಒಂದೇ ಸ್ಟೇಜಿನ ಮೇಲೆ ನಿಂತರೆ ಊರವರು ಏನಂದುಕೊಳ್ಳುತ್ತಾರೆ, ನೀವೇ ಯೋಚನೆ ಮಾಡಿ ಅಂದರು. ನಾನು ಜಗಳ ಮಾಡಬಹುದಿತ್ತು. ನಾಟಕವನ್ನೇ ವಾಪಸ್ಸು ತೆಗೆದುಕೊಳ್ಳಬಹುದಿತ್ತು. ಎರಡೂ ಮಾಡಲಿಲ್ಲ. ನನ್ನ ಮೊದಲ ನಾಟಕ ನಿಂತುಹೋದರೆ ಅನ್ನುವ ಹೆದರಿಕೆ ದೊಡ್ಡದಾಯಿತು. ಆ ಭಾನುವಾರ ಅಕ್ಕನಿಗೆ, ಅಷ್ಟು ಹೊತ್ತಿಗೆ ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಶಿಕ್ಷಕರಲ್ಲದವರು ಆಡುವ ಹಾಗಿಲ್ಲವಂತೆ ಅಂತ ಅರ್ಧ ಸುಳ್ಳು ಹೇಳಿದೆ. ಅವರು ನನ್ನ ಮುಖ ನೋಡಿದರು. ಆ ಪಾರ್ಟನ್ನು ಯಾರಿಗೆ ಕೊಡುತ್ತೀರಿ ಅಂತ ಕೇಳಿದರು. ಗಣಿತದ ಮೇಡಂಗೆ ಅಂದೆ. ಸರಿ, ಕರೀರಿ, ಹೇಳಿಕೊಡ್ತೀನಿ ಅಂದರು. ಹತ್ತು ದಿನದಲ್ಲಿ ನಾಲ್ಕು ಸಲ ಮಳವಳ್ಳಿಗೆ ಬಂದು, ತಮ್ಮ ಪಾರ್ಟನ್ನು ಇನ್ನೊಬ್ಬರ ಮೈಗೆ ಅಳತೆ ನೋಡಿ ಕೂರಿಸಿಕೊಟ್ಟರು.

ನಾಟಕ ಸಂಜೆ ಐದಕ್ಕೆ ಶುರುವಾಗಿ ಆರೂಕಾಲಿಗೆ ಮುಗಿಯಿತು. ಗಣಿತದ ಮೇಡಂ 'ಉಂಡ್ಯಾ' ಅಂದು ಮುಖ ತಿರುಗಿಸಿದಾಗ, ಮುಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಸೆರಗು ಬಾಯಿಗೆ ಇಟ್ಟುಕೊಂಡಿದ್ದನ್ನು ನಾನು ಪಕ್ಕದಿಂದ ನೋಡಿದೆ. ಆಮೇಲೆ ಚಪ್ಪಾಳೆ, ಶಾಲು, ಹಾರ. ಮೈಕು ಕೈಗೆ ಕೊಟ್ಟರು. ಪ್ರೋತ್ಸಾಹ ಕೊಟ್ಟ ಹಿರಿಯರಿಗೆಲ್ಲ ವಂದನೆ ಹೇಳಿದೆ, ಮೈಕಿನವನಿಗೂ ಹೇಳಿದೆ, ಮದ್ದೂರಿನ ಮೇಷ್ಟ್ರ ಹೆಸರನ್ನೂ ಹೇಳಿದೆ. ಪರದೆಯ ಪಕ್ಕ ಗಣಿತದ ಮೇಡಂನ ಚಪ್ಪಲಿ, ಕನ್ನಡಕ ಹಿಡಿದುಕೊಂಡು ನಿಂತಿದ್ದ ಅಕ್ಕನ ಹೆಸರು ಮಾತ್ರ ನನ್ನ ಬಾಯಿಗೆ ಬರಲಿಲ್ಲ. ಮರೆತೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ.

ನಾಟಕ ನೋಡಲು ಬಂದಿದ್ದ ಮೇಷ್ಟ್ರನ್ನು ಮದ್ದೂರು ಬಸ್ಸಿಗೆ ಹತ್ತಿಸಲು ಸ್ಟ್ಯಾಂಡಿಗೆ ಹೋದೆ. ನಾಟಕದ ಬಗ್ಗೆ ಏನಾದರೂ ಹೇಳುತ್ತಾರೆ ಅಂತ ಕಾದಿದ್ದೆ. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು.

"ಆವಮ್ಮನ ಎಸ್ರು ಯಾಕವ್ವ ಯೋಳ್ನಿಲ್ಲ?"

ಅಷ್ಟೇ. ಒಳಗೆ ಹೋಗಿ ಕೂತರು. ಮೇಡಮ್ಮೋರೆ ಅನ್ನುತ್ತಿದ್ದವರು ಅವತ್ತು ಮೊದಲ ಸಲ ನನ್ನನ್ನು ಅವ್ವ ಅಂದಿದ್ದರು, ಬೈಯುವುದಕ್ಕೆ. ಕೊರಳಿನಲ್ಲಿದ್ದ ಹಾರವನ್ನು ತೆಗೆದು ಚೀಲಕ್ಕೆ ತುರುಕಿ ಮನೆಗೆ ನಡೆದೆ.

ವಾರವೆಲ್ಲ ಸಂಕಟ. ಭಾನುವಾರ ಮಂಡ್ಯಕ್ಕೆ ಹೋದೆ. ಅಕ್ಕ ಎಂದಿನ ಹಾಗೆ ಒಳಗೆ ಕರೆದರು, ಚಾಪೆ ಹಾಕಿದರು. ನಾನು ನಡೆದದ್ದನ್ನೆಲ್ಲ, ಆ ಹಿರಿಯರು ಅಂದದ್ದು, ನಾನು ಅರ್ಧ ಸುಳ್ಳು ಹೇಳಿದ್ದು, ಮೈಕಿನ ಮುಂದೆ ಬಾಯಿ ಕಟ್ಟಿದ್ದು, ಒಂದೂ ಬಿಡದೆ ಹೇಳಿದೆ. ಅವರಿಗೆ ಎಲ್ಲ ಮೊದಲೇ ಗೊತ್ತಿತ್ತು. ಅವತ್ತು ನಿಮ್ಮ ಮುಖ ನೋಡಿದಾಗಲೇ ತಿಳಿಯಿತು ಅಂದರು. ಮತ್ತೆ ಯಾಕಕ್ಕ ಬಂದು ಹೇಳಿಕೊಟ್ಟಿರಿ ಅಂದೆ. ಪಾರ್ಟು ಏನು ತಪ್ಪು ಮಾಡಿತ್ತು ಅಂದರು. ನಾನು ಅಳುತ್ತಿದ್ದೆ. ಅವರು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ. ಒಂದು ಮಾತು ಅಂದರು.

"ನಂಗೆ ಇದು ಅಬ್ಯಾಸ ಆಗೋಗದೆ ಕಣಮ್ಮ. ನಿಂಗೆ ಅಬ್ಯಾಸ ಆಗ್ಬಾರ್ದು."

ಮೇಡಂ ಅನ್ನುವುದು ಹೋಗಿ ಕಣಮ್ಮ ಬಂದಿತ್ತು. ಆ ಮಾತನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಕ್ಷಮಿಸಿದೆ ಅಂತ ಅವರು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ನನಗೆ ಕೆಲಸ ಕೊಟ್ಟರು ಅಂತಲೇ ನಾನು ತಿಳಿದುಕೊಂಡೆ.

ಮುಂದಿನ ನಾಟಕವನ್ನು ಅವರಿಗೆಂದೇ ಬರೆದೆ. ಎರಡು ವರ್ಷ ಹಿಡಿಯಿತು. ಮಂಡ್ಯದ ಒಂದು ಬೀದಿಯಲ್ಲಿ ಮೂವತ್ತು ವರ್ಷದಿಂದ ಹಾಲಿನ ಡೈರಿಗೆ ಎಲ್ಲರಿಗಿಂತ ಮೊದಲು ಹಾಲು ತಂದು ಸುರಿಯುವ, ಊರಿನ ಗುಟ್ಟೆಲ್ಲ ಬಲ್ಲ, ಯಾರಿಗೂ ಹೆದರದ ಒಬ್ಬ ಮುದುಕಿಯ ಕಥೆ. ರಾಣಿ ಪಾರ್ಟು ಬಿಟ್ಟು ಬೇರೆ ಮಾಡಿದ್ದೇ ಇಲ್ಲ ಅಂತ ಅಕ್ಕ ಮೊದಲು ಹಿಂಜರಿದರು. ಹೊಲಿಯುವ ರವಿಕೆ ಪಕ್ಕಕ್ಕಿಟ್ಟು ಹಾಲಿನ ಕ್ಯಾನು ಎತ್ತಿ ನಡೆದದ್ದೇ ತಡ, ಹಿಂಜರಿಕೆ ಎಲ್ಲಿ ಹೋಯಿತೋ. ಕಲಿಸಲು ಬಂದ ಮೇಷ್ಟ್ರು ಹಾರ್ಮೋನಿಯಂ ಬೇಡ ಅಂದುಬಿಟ್ಟರು. ಈ ನಾಟಕಕ್ಕೆ ಕ್ಯಾನಿನ ಸದ್ದೇ ಸಾಕು ಅಂತ ಅವರದೇ ತೀರ್ಮಾನ. ಪ್ರಾಕ್ಟೀಸಿನಲ್ಲಿ ಹಾರ್ಮೋನಿಯಂ ಇಲ್ಲದೆ ಅವರು ಕೂತದ್ದನ್ನು ಆಗಲೇ ನಾನು ಮೊದಲು ನೋಡಿದ್ದು. ಕೈ ಎಲ್ಲಿಡಬೇಕೋ ತಿಳಿಯದೆ ತೊಡೆ ಮೇಲೆ ತಾಳ ಹಾಕುತ್ತಿದ್ದರು. ಮಂಡ್ಯದಲ್ಲಿ ಆಡಿದೆವು. ಈ ಸಲ ನಾಟಕ ಶುರುವಾಗುವ ಮುಂಚೆಯೇ ನಾನು ಪರದೆ ಮುಂದೆ ಬಂದು ಅವರ ಹೆಸರು ಹೇಳಿದೆ. ಹೋದ ಸಲ ಹೇಳದೆ ಉಳಿದದ್ದನ್ನೂ ಹೇಳಿದೆ. ಆ ಹಿರಿಯರು ಮೂರನೇ ಸಾಲಿನಲ್ಲಿ ಕೂತಿದ್ದರು. ಎದ್ದು ಹೋಗಲಿಲ್ಲ.

ಅವ್ವನನ್ನೂ ಕರೆತಂದಿದ್ದೆ. ಕೋಲು ಊರಿಕೊಂಡು ಬಂದು ಮುಂದೆಯೇ ಕೂತಿದ್ದಳು. ನಾಟಕ ಮುಗಿದ ಮೇಲೆ ಎಲ್ಲರೂ ಅಕ್ಕನ ಸುತ್ತ ನೆರೆದರು. ಜನ ಕರಗಿದ ಮೇಲೆ ನೋಡಿದರೆ ಅವ್ವ ಕೂತಿದ್ದ ಕುರ್ಚಿ ಖಾಲಿ. ಹುಡುಕಿಕೊಂಡು ಹಿಂದಿನ ಕೋಣೆಗೆ ಹೋದೆ. ಅಕ್ಕ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅವ್ವ ಅವರೆದುರು ನಿಂತು, ಕೋಲನ್ನು ಗೋಡೆಗೆ ಒರಗಿಸಿ, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವರ ಮುಖದ ಬಣ್ಣ ಒರೆಸುತ್ತಿದ್ದಳು. ಗಂಡನಿಗೂ ಹೀಗೇ ಒರೆಸಿದ್ದೆ, ಕಿವಿ ಹಿಂದೆ ಬಣ್ಣ ಉಳಿದರೆ ನವೆ ಆಗುತ್ತದೆ ಅಂತ ಹೇಳುತ್ತಿದ್ದಳು. ಅಪ್ಪ ಬಣ್ಣ ಹಚ್ಚಿದ್ದರು ಅನ್ನುವುದು ನನಗೆ ಗೊತ್ತಿತ್ತು. ಒರೆಸಿದವಳು ಅವ್ವ ಅನ್ನುವುದು ಅವತ್ತಿನವರೆಗೆ ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ಬಾಗಿಲಿನಿಂದ ಹಿಂದಕ್ಕೆ ಬಂದೆ. ಆಮೇಲೆ ಅವ್ವ ಇದ್ದ ಆರು ವರ್ಷವೂ ಅಕ್ಕ ಮಳವಳ್ಳಿಗೆ ಬಂದರೆ ನನ್ನ ಜೊತೆಗಿಂತ ಅವಳ ಜೊತೆಯಲ್ಲೇ ಹೆಚ್ಚು ಹೊತ್ತು ಕೂರುತ್ತಿದ್ದರು. ಏನು ಮಾತಾಡುತ್ತಿದ್ದರೋ, ನಾನು ಹೋದರೆ ಸುಮ್ಮನಾಗುತ್ತಿದ್ದರು.

ಅಲ್ಲಿಂದ ಮುಂದೆ ಹನ್ನೊಂದು ನಾಟಕ ಬರೆದೆ. ಎರಡು ಬಿದ್ದೇಹೋದವು. ಒಂದನ್ನು ಮೇಷ್ಟ್ರು ಮೊದಲೇ ಬೀಳುತ್ತದೆ ಅಂದಿದ್ದರು, ನಾನು ಹಟ ಹಿಡಿದು ಆಡಿಸಿದೆ, ಬಿತ್ತು. ಶಿವಪುರದಲ್ಲಿ ಆಡುವಾಗ ಮಧ್ಯದಲ್ಲೇ ಜನ ಎದ್ದು ಚಹಾ ಕುಡಿಯಲು ಹೋದರು. ಮೇಷ್ಟ್ರು ಕೊನೆಯವರೆಗೂ ಕೂತಿದ್ದು, ಆಮೇಲೆ ನನ್ನ ಜೊತೆ ಬಸ್ಸಿಗೆ ನಡೆಯುವಾಗ ನಾಟಕದ ಮಾತೇ ಎತ್ತದೆ ಕಬ್ಬಿನ ಗದ್ದೆಗಳನ್ನು ತೋರಿಸುತ್ತ, ಇಂಥ ಊರಲ್ಲಿ ಇಂಥವನು ಎಂಥ ರಾಜಪಾರ್ಟು ಮಾಡುತ್ತಿದ್ದ ಅಂತ ಹೇಳಿಕೊಂಡು ಬಂದರು. ಸೋತ ದಿನ ಜೊತೆಯಲ್ಲಿ ನಡೆಯುವುದು ಹೇಗೆ ಅನ್ನುವುದನ್ನೂ ನಾನು ಅವರಿಂದಲೇ ಕಲಿತೆ. ಆಮೇಲೆ ನನ್ನ ಕೈಕೆಳಗೆ ಬರೆಯಲು ಕಲಿತ ಮೂರು ನಾಲ್ಕು ಹೆಣ್ಣುಮಕ್ಕಳ ನಾಟಕ ಬಿದ್ದಾಗ ಹಾಗೇ ನಡೆದಿದ್ದೇನೆ.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಹೋಗುವುದಕ್ಕೆ ಕೆಲವು ತಿಂಗಳ ಮುಂಚೆ ದುದ್ದದ ಕಡೆಯಿಂದ ಹದಿನಾಲ್ಕು ಜನ ಹೆಂಗಸರು ಅವರ ಮನೆಗೆ ಬಂದಿದ್ದರು. ಬೇಸಾಯ ಮಾಡುವವರು, ಅಂಗನವಾಡಿಯಲ್ಲಿ ಕೆಲಸ ಮಾಡುವವರು. ತಾವೇ ಒಂದು ಪೌರಾಣಿಕ ನಾಟಕ ಆಡಬೇಕು, ರಾಜಪಾರ್ಟೂ ತಾವೇ ಮಾಡಬೇಕು, ನೀವು ಬಂದು ಕಲಿಸಿ ಅಂತ ಕೇಳಿದರಂತೆ. ಮೇಷ್ಟ್ರಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಅವರು ಅಕ್ಕನಿಗೆ ಫೋನು ಮಾಡಿಸಿ ಕರೆಸಿದರು, ನನ್ನನ್ನೂ ಬಾ ಅಂದರು. ಇವರಿಗೆ ನೀನು ಕಲಿಸು ಅಂತ ಅಕ್ಕನಿಗೆ ಹೇಳಿದರು. ಹಾರ್ಮೋನಿಯಂ ನುಡಿಸಲು ಬಾರದವಳು ಎಲ್ಲಾದರೂ ಡ್ರಾಮಾ ಮೇಷ್ಟ್ರಾಗುವುದುಂಟೇ ಅಂತ ಅಕ್ಕ ಒಪ್ಪಲಿಲ್ಲ. ಮೂವತ್ತು ವರ್ಷ ಎಲ್ಲ ರಾಜರ ಎದುರು ನಿಂತವಳು ನೀನು, ಅವರೆಲ್ಲರ ಮಾತೂ ನಿನಗೆ ಬರುತ್ತದೆ, ನುಡಿಸುವವರನ್ನು ನಾನು ಕಳಿಸುತ್ತೇನೆ ಅಂದರು ಮೇಷ್ಟ್ರು. ಅವರ ಮಾತನ್ನು ಅಕ್ಕ ತೆಗೆದುಹಾಕಲಿಲ್ಲ.

ಮೊನ್ನೆ ಭಾನುವಾರ ಆ ಪ್ರಾಕ್ಟೀಸು ನೋಡಲು ಹೋಗಿದ್ದೆ. ಮಧ್ಯಾಹ್ನ, ಸಮುದಾಯ ಭವನದಲ್ಲಿ. ಸೀರೆ ಎತ್ತಿ ಕಟ್ಟಿಕೊಂಡ ಒಬ್ಬಾಕೆ ರಾಜನ ಹಾಗೆ ನಡೆಯಲು ಕಲಿಯುತ್ತಿದ್ದಳು. ಹೆಜ್ಜೆ ಚಿಕ್ಕದಾಗುತ್ತಿತ್ತು. ನೀರಿನ ಕೊಡ ಇಲ್ಲ ಕಣಮ್ಮ ನಿನ್ನ ಸೊಂಟದ ಮೇಲೆ, ಎಲ್ಲ ಇಳಿಸಿ ನಡಿ ಅಂತ ಅಕ್ಕ ಹೇಳಿದರು. ಆಕೆ ನಕ್ಕಳು, ಮತ್ತೆ ನಡೆದಳು, ಈ ಸಲ ಸರಿಯಾಯಿತು. ಹಿಂದಿನಿಂದ ಇನ್ನೊಬ್ಬಳು "ಮೇಷ್ಟ್ರೇ, ನಂದು ನೋಡಿ" ಅಂದಳು. ಅಕ್ಕ ಬಾಗಿಲ ಕಡೆ ತಿರುಗಿದರು, ಯಾರೋ ಬಂದರು ಅಂದುಕೊಂಡು. ಬಾಗಿಲಲ್ಲಿ ಯಾರೂ ಇರಲಿಲ್ಲ. ಕರೆದದ್ದು ತಮ್ಮನ್ನೇ ಎಂದು ತಿಳಿದಾಗ ಅವರ ಮುಖ ಏನಾಯಿತು ಅನ್ನುವುದನ್ನು ಹೇಗೆ ಬರೆಯುವುದೋ ನನಗೆ ತಿಳಿಯದು. ಬರೆದರೆ ಉದ್ದವಾದೀತು. ಅವರು ಕನ್ನಡಕ ಸರಿಮಾಡಿಕೊಂಡು, ಬಾ, ತೋರ್ಸು ಅಂದರು. ನಾನು ಗೋಡೆಗೊರಗಿ ಕೂತು, ಸಂಜೆ ಬಸ್ಸಿನ ಹೊತ್ತಾಗುವವರೆಗೂ ನೋಡಿದೆ.